ಮಗ ಜೆಆರ್‌ಒಟಿಸಿ (ಅಮೆರಿಕದ ಹೈಸ್ಕೂಲುಗಳಲ್ಲಿ ಸೈನ್ಯದ ಶಿಸ್ತು ಕಲಿಸೋ ಕ್ಲಾಸು) ಸೇರ್ತೀನಿ ಅಂತಿದಾನೆ, ಸೇರಿಸ್ಲಾ ಅಂದ ಅಕ್ಕನಿಗೆ
ಅಕ್ಕ, "ಮಿಲಿಟರಿಗೆ ಎಳ್ಕೊಂಡು ಹೋಗ್ತಾರೆ, ಹುಷಾರು" ಅಂತ ನಿಮ್ಮ ಪೋಸ್ಟ್ ಕೆಳಗೆ ಅರ್ಧ ಜನ ಬರ್ದಿದಾರೆ ನೋಡಿ, ಅದು ಸುಳ್ಳು. ಇಲ್ಲಿ ಟೆಕ್ಸಸ್‌ನಲ್ಲಿ ನನ್ನ ಮಗಳಿಗೆ ಇದು ಮೂರನೇ ವರ್ಷ. ಸೈನ್ಯ ಸೇರ್ಲೇಬೇಕು ಅನ್ನೋ ಕರಾರು ಯಾವುದೂ ಇಲ್ಲ. 1916ರ ಕಾಯ್ದೆಯಿಂದ ಶುರುವಾಗಿದ್ದು, ಹೆಚ್ಚುಕಡಿಮೆ ನಮ್ಮ ಎನ್‌ಸಿಸಿ ಥರ. ಆದ್ರೆ ಇಲ್ಲಿ ಅದು ಟೈಮ್‌ಟೇಬಲ್‌ನಲ್ಲೇ ಇರೋ ಕ್ಲಾಸು, ಪಾಠ ಮಾಡೋರು ಹೆಚ್ಚಾಗಿ ನಿವೃತ್ತ ಸೈನಿಕರು. ಹಾಸನದ ಕಾಲೇಜಲ್ಲಿ ಎನ್‌ಸಿಸಿ 'ಸಿ' ಸರ್ಟಿಫಿಕೇಟ್ ತಗೊಂಡಿದ್ದ ನಮ್ಮನೆಯವರು ಅವಳಿಗಿಂತ ಜಾಸ್ತಿ ಕುಣಿದಾಡಿದ್ರು ಅನ್ನಿ.

ನಿಮ್ಮ ಹುಡುಗನಿಗೆ ಓದೋ ಹುಚ್ಚು, ಪೆರೇಡ್ ಅಷ್ಟಕ್ಕಷ್ಟೇ ಅಂದ್ರಲ್ಲ, ಅವನು ಅಲ್ಲಿನ ಕ್ವಿಜ್ ತಂಡದ ಬಗ್ಗೆ ಕೇಳ್ಲಿ. ಲೀಡರ್‌ಶಿಪ್ ಅಂಡ್ ಅಕಾಡೆಮಿಕ್ ಬೌಲ್ ಅಂತಾರೆ. ಮೊದಲ ಎರಡು ಸುತ್ತು ಆನ್‌ಲೈನ್, ದಾಟಿದೋರಿಗೆ ಬೇಸಿಗೆ ರಜದಲ್ಲಿ ವಾಷಿಂಗ್ಟನ್‌ನಲ್ಲಿ ಫೈನಲ್. ಅಕಾಡೆಮಿಕ್ ಕಡೆಗೆ ಗಣಿತ, ವಿಜ್ಞಾನ, ಇಂಗ್ಲಿಷ್ ಇರುತ್ತೆ. ಲೀಡರ್‌ಶಿಪ್ ಕಡೆಗೆ ಹೋದ್ರೆ ಪೌರನೀತಿ, ಜೆಆರ್‌ಒಟಿಸಿ ಕ್ಲಾಸಿನ ಪಠ್ಯ. ಆರ್ಮಿಯ 7 ಮೌಲ್ಯಗಳನ್ನ ನಮ್ಮವಳು ಅಡುಗೆಮನೇಲಿ ಮಗ್ಗಿ ಒಪ್ಪಿಸೋ ಹಾಗೆ ಒಪ್ಪಿಸಿ ಒಪ್ಪಿಸಿ, ಸಾರಿಗೆ ಒಗ್ಗರಣೆ ಹಾಕ್ತಾ ಹಾಕ್ತಾ ನನಗೂ ಬಾಯಿಪಾಠ ಆಗೋಯ್ತು.

ನಮ್ಮ ಮಕ್ಕಳು ಸ್ಪೆಲ್ಲಿಂಗ್ ಬೀ, ಗಣಿತದ ಸ್ಪರ್ಧೆ ಅಂತ ಎಲ್ಲಾ ಕಡೆ ಒಬ್ಬೊಬ್ರೇ ಹೋಗಿ ಗೆದ್ದು ಬರ್ತಾರೆ. ಈ ಕ್ವಿಜ್‌ನಲ್ಲಿ ಹಾಗಾಗಲ್ಲ. ಜೊತೆಯವರೆಲ್ಲ ಸೇರಿ ಒಂದೇ ಉತ್ತರ ಕೊಡ್ಬೇಕು. ಮೊದಲ ವರ್ಷ ಇವಳಿಗೆ ಉತ್ತರ ಗೊತ್ತಿತ್ತು, ಉಳಿದೋರು ಬೇರೆ ಅಂದ್ರು, ಸುಮ್ಮನಾಗ್ಬಿಟ್ಲು. ತಂಡ ಔಟ್. ಎರಡು ದಿನ ಊಟ ಸರಿಯಾಗಿ ಮಾಡ್ಲಿಲ್ಲ. ಮರುವರ್ಷ ಪಟ್ಟು ಹಿಡಿದು ವಾದ ಮಾಡಿ ತನ್ನ ಉತ್ತರಾನೇ ಹಾಕಿಸಿದ್ಲು. ಅದು ತಪ್ಪಾಗಿತ್ತು! ಆಗ ಅವಳಿಗೆ ಸಮಾಧಾನ ಹೇಳಿದ್ದು ಕನ್ನಡ ಕೂಟದ ಗೆಳತಿಯರಲ್ಲ, ಶನಿವಾರ ಅಪ್ಪನ ಜೊತೆ ಹುಲ್ಲು ಕತ್ತರಿಸೋ ಕೆಲಸಕ್ಕೆ ಹೋಗೋ ತಂಡದ ಮೆಕ್ಸಿಕನ್ ಹುಡುಗ. ಈಗ ನಮ್ಮನೆ ಚಿತ್ರಾನ್ನ ಅಂದ್ರೆ ಅವನಿಗೆ ಪ್ರಾಣ.

ಕಾಲೇಜ್ ಅರ್ಜಿಗೆ ತೂಕ ಬರುತ್ತಾ ಅಂತ ಕೇಳಿದ್ರಿ. ಅದೊಂದಕ್ಕೋಸ್ಕರ ಸೇರಿಸ್ಬೇಡಿ, ಮಕ್ಕಳಿಗೆ ಗೊತ್ತಾಗ್ಬಿಡುತ್ತೆ.

ಯಾರೂ ಹೇಳದೇ ಇರೋದು ಒಂದಿದೆ. ನಿಮ್ಮದಿನ್ನೂ ಎಚ್-1ಬಿ ಕೆಲಸದ ವೀಸಾ ಅಲ್ವಾ? ಕಾನೂನಿನಲ್ಲಿ ಕೆಡೆಟ್ ಅಂತ ಲೆಕ್ಕಕ್ಕೆ ಹಿಡಿಯೋದು ಸಿಟಿಜನ್‌ಗಳನ್ನ, ಗ್ರೀನ್ ಕಾರ್ಡ್ ಇರೋರನ್ನ. ಎಚ್-4 (ಅಂದ್ರೆ ಎಚ್-1ಬಿಯವರ ಕುಟುಂಬದ ವೀಸಾ) ಮಕ್ಕಳನ್ನ ಕ್ಲಾಸಲ್ಲಿ ಕೂರಿಸ್ಕೊಂಡ್ರೂ ಸ್ಪರ್ಧೆಗೆ ಕಳಿಸ್ತಾರಾ ಅಂತ ಅಲ್ಲಿನ ಇನ್‌ಸ್ಟ್ರಕ್ಟರ್‌ನ ನೇರವಾಗಿ ಕೇಳಿ. ಯೂನಿಫಾರ್ಮಿಗೆ ಅಳತೆ ಕೊಡೋಕೆ ಮುಂಚೆನೇ ಕೇಳ್ಬಿಡಿ ಅಕ್ಕ. ಒಂದ್ಸಲ ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ರೆ ಆಮೇಲೆ ಬೇಡ ಅನ್ನೋಕೆ ಬಾಯಿ ಬರಲ್ಲ.