ಮುಂದಿನ ಲಿಫ್ಟ್ ಹಾಕಿಸಿದ ಮೇಲೆ ಪಿಕಪ್‌ನಲ್ಲಿ ಟಕ್ ಸದ್ದು, ಬಿಗಿ ಸವಾರಿ, ಎಡಕ್ಕೆ ಎಳೆತ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ಫೋರ್ ವೀಲ್ ಡ್ರೈವ್ ಪಿಕಪ್. ಮುಂದೆ ಡಬಲ್ ವಿಶ್‌ಬೋನ್ (ಚಕ್ರವನ್ನು ಹಿಡಿಯುವ ಅಪ್ಪರ್, ಲೋವರ್ ಎರಡು ಆರ್ಮ್), ಕಾಯಿಲ್ ಸ್ಪ್ರಿಂಗ್ ಇರುವ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಸೇರಿದ ಜೋಡಣೆ). ಸ್ಟ್ರಟ್‌ನ ತಲೆ ಮೇಲೆ ಕೂರುವ 30 ಎಂಎಂ ದಪ್ಪದ ಸ್ಪೇಸರ್ (ಎತ್ತರ ಹೆಚ್ಚಿಸುವ ಬಿಲ್ಲೆ) ಹಾಕಿಸಿದ್ದೇನೆ. ಬೇರೆ ಏನನ್ನೂ ಬದಲಿಸಿಲ್ಲ, ಟೈರ್ ಕೂಡ ಹಳೆಯದೇ.

ಈಗ ಮೂರು ತೊಂದರೆ. ಹಂಪ್ ದಾಟಿ ಮುಂದಿನ ಚಕ್ರ ಕೆಳಗಿಳಿಯುವಾಗ ಎಡಗಡೆ ‘ಟಕ್’ ಅಂತ ಲೋಹದ ಸದ್ದು. ಸಣ್ಣ ಸಣ್ಣ ಗುಂಡಿಗೂ ಗಾಡಿ ಮೊದಲಿಗಿಂತ ಜಾಸ್ತಿ ಕುಲುಕುತ್ತದೆ. ಸ್ಟೇರಿಂಗ್ ಎಡಕ್ಕೆ ಎಳೆಯುತ್ತದೆ, ತಿರುವು ಮುಗಿದ ಮೇಲೆ ತಾನಾಗಿ ನೇರ ಆಗುವುದಿಲ್ಲ. ಇನ್ನೊಂದು ಅನುಮಾನ: 30 ಎಂಎಂ ಸ್ಪೇಸರ್‌ಗೆ ಗಾಡಿ 60 ಎಂಎಂ ಹತ್ತಿರ ಎದ್ದಿದೆ. ತಪ್ಪು ಸೈಜ್ ಕೊಟ್ಟುಬಿಟ್ಟರಾ?

ಉತ್ತರ

ಸೈಜ್ ಸರಿಯಾಗೇ ಇದೆ. ಸ್ಟ್ರಟ್‌ನ ಕೆಳತುದಿ ಚಕ್ರದ ಹತ್ತಿರ ಇರುವುದಿಲ್ಲ, ಲೋವರ್ ಆರ್ಮ್‌ನ ಮಧ್ಯದ ಆಸುಪಾಸಿನಲ್ಲಿ ಇರುತ್ತದೆ. ಅಲ್ಲಿ 30 ಎಂಎಂ ತಳ್ಳಿದರೆ ಆರ್ಮ್‌ನ ತುದಿಯಲ್ಲಿ ಹೆಚ್ಚುಕಮ್ಮಿ ಅದರ ಎರಡು ಪಟ್ಟು ಸಿಗುತ್ತದೆ. ಆದರೆ ಅಳತೆ ಹೇಗೆ ತೆಗೆದಿರಿ? ನೆಲದಿಂದ ಅಳೆದರೆ ಟೈರ್ ಗಾಳಿಯೂ ಲೆಕ್ಕಕ್ಕೆ ಬಂದುಬಿಡುತ್ತದೆ. ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಅಳೆದು ಹಾಕಿ.

ಇನ್ನೆರಡು ವಿಷಯ ತಿಳಿಸಿ. ಆರ್ಮ್ ಬೋಲ್ಟ್‌ಗಳನ್ನು ಕೊನೇ ಸಲ ಬಿಗಿ ಮಾಡುವಾಗ ಚಕ್ರ ನೆಲದ ಮೇಲಿತ್ತಾ, ಗಾಳಿಯಲ್ಲಿ ನೇತಾಡುತ್ತಿತ್ತಾ? ಅಲೈನ್‌ಮೆಂಟ್ ಮಾಡಿಸಿದ ಚೀಟಿ ಇದೆಯಾ?

ಇನ್ನೊಬ್ಬರು

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಶಾಕ್ ಅಬ್ಸಾರ್ಬರ್ ಹೋಗಿದೆ. ಎರಡೂ ಬದಲಿಸಿ, ಸದ್ದು, ಕುಲುಕಾಟ ಎರಡೂ ನಿಲ್ಲುತ್ತವೆ.

ಕೇಳಿದವರು

ಎಡಗಡೆ 58, ಬಲಗಡೆ 60 ಎಂಎಂ ಎದ್ದಿದೆ. ಬೋಲ್ಟ್‌ಗಳನ್ನೆಲ್ಲ ಗಾಡಿ ಮೇಲೆತ್ತಿದ್ದಾಗಲೇ ಬಿಗಿ ಮಾಡಿದರು, ನಾನು ಅಲ್ಲೇ ನಿಂತಿದ್ದೆ. ಅಲೈನ್‌ಮೆಂಟ್‌ನಲ್ಲಿ ಟೋ (ಮೇಲಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ) ಮಾತ್ರ ಸರಿ ಮಾಡಿದ್ದಾರೆ. ಚೀಟಿಯಲ್ಲಿ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಸ್ಟೇರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಎಡಗಡೆ 1.1 ಡಿಗ್ರಿ, ಬಲಗಡೆ 2.0 ಅಂತಿದೆ.

ಉತ್ತರ

ಶಾಕ್‌ಗೆ ಈಗಲೇ ದುಡ್ಡು ಹಾಕಬೇಡಿ. ಲಿಫ್ಟ್ ಹಾಕಿದ ದಿನವೇ ಎರಡು ಶಾಕ್ ಒಟ್ಟಿಗೆ ಸಾಯುವುದು ಅಪರೂಪ. ಮೇಲಿಂದ ಎಣ್ಣೆ ಒಸರಿದ್ದರೆ ಆಗ ಯೋಚಿಸೋಣ.

ಬಿಗಿ ಸವಾರಿಯಿಂದ ಶುರು ಮಾಡೋಣ, ಸುಳಿವು ಅಲ್ಲೇ ಇದೆ. ನಿಮ್ಮ ಸ್ಪೇಸರ್ ಸ್ಟ್ರಟ್‌ನ ಹೊರಗೆ, ಮೇಲೆ ಕೂತಿದೆ. ಅದು ಸ್ಪ್ರಿಂಗನ್ನು ಹಿಸುಕುವುದಿಲ್ಲ, ಇಡೀ ಸ್ಟ್ರಟ್ಟನ್ನು ಕೆಳಗೆ ಜರುಗಿಸುತ್ತದೆ ಅಷ್ಟೇ. ಗಾಡಿಯ ತೂಕ ಅಷ್ಟೇ, ಸ್ಪ್ರಿಂಗ್ ಅದೇ, ನಿಂತಾಗ ಅದು ಕುಗ್ಗುವುದೂ ಹೆಚ್ಚುಕಮ್ಮಿ ಮೊದಲಿನಷ್ಟೇ. ಅಂದಮೇಲೆ ಸ್ಪ್ರಿಂಗ್‌ನಿಂದ ಸವಾರಿ ಬಿಗಿ ಆಗಲು ಕಾರಣವೇ ಇಲ್ಲ, ಅಲ್ವಾ? ಬಿಗಿ ಬೇರೆ ಕಡೆಯಿಂದ ಬಂದಿದೆ.

ಅದು ಬುಷ್. ಆರ್ಮ್ ಚಾಸಿಗೆ ಕೂಡುವ ಕಡೆ ಇರುವ ರಬ್ಬರ್ ಬುಷ್ ಬೇರಿಂಗ್ ಥರ ಜಾರುವುದಿಲ್ಲ. ಬೋಲ್ಟ್ ಬಿಗಿ ಮಾಡಿದಾಗ ಒಳಗಿನ ಕೊಳವೆ ಬ್ರಾಕೆಟ್‌ಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಆರ್ಮ್ ಆಡುವಷ್ಟೂ ರಬ್ಬರೇ ತಿರುಚಿಕೊಳ್ಳಬೇಕು. ಚಕ್ರ ನೇತಾಡುವಾಗ ಬಿಗಿ ಮಾಡಿದರೆ ಅದೇ ಅದರ ಆರಾಮದ ಜಾಗ. ಗಾಡಿ ಕೆಳಗಿಳಿಸಿದ ತಕ್ಷಣ ಬುಷ್ ಆಗಲೇ ಅರ್ಧ ತಿರುಚಿರುತ್ತದೆ, ಗಾಡಿಯನ್ನು ಮೇಲಕ್ಕೂ ಎತ್ತಿ ಹಿಡಿಯುತ್ತದೆ. ಹೀಗೇ ಓಡಿಸಿದರೆ ರಬ್ಬರ್ ಬೇಗ ಹರಿಯುತ್ತದೆ.

ಮಾಡಬೇಕಾದ್ದು: ಮೊದಲು ಲೋವರ್ ಆರ್ಮ್‌ನ ಕ್ಯಾಮ್ ಬೋಲ್ಟ್ (ತಿರುಗಿಸಿ ಅಲೈನ್‌ಮೆಂಟ್ ಹೊಂದಿಸುವ ಬೋಲ್ಟ್) ಇದ್ದ ಜಾಗಕ್ಕೆ ಪೇಂಟ್ ಗುರುತು ಹಾಕಿ, ಇಲ್ಲದಿದ್ದರೆ ಅಲೈನ್‌ಮೆಂಟ್ ಪೂರ್ತಿ ಹಾಳಾಗುತ್ತದೆ. ಗಾಡಿ ಚಕ್ರದ ಮೇಲೆ ನಿಂತಿರಲಿ. ಜಾಕ್‌ನಿಂದ ಆಗ ತಾನೇ ಇಳಿಸಿದ್ದರೆ ಸ್ವಲ್ಪ ಹಿಂದೆ ಮುಂದೆ ಓಡಿಸಿ, ಟೈರ್ ತನ್ನ ಜಾಗಕ್ಕೆ ಬರಲಿ. ಅಪ್ಪರ್, ಲೋವರ್ ಆರ್ಮ್ ಬೋಲ್ಟ್‌ಗಳನ್ನು, ಸ್ಟ್ರಟ್‌ನ ಕೆಳಗಿನ ಬೋಲ್ಟನ್ನು ಸಡಿಲ ಮಾಡಿ, ಬಾನೆಟ್ ಹತ್ತಿರ ಒತ್ತಿ ಒತ್ತಿ ಬಿಟ್ಟು, ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ ಮತ್ತೆ ಬಿಗಿ ಮಾಡಿಸಿ. ಕೆಲವು ಎಂಎಂ ಎತ್ತರ ಇಳಿದರೆ ಗಾಬರಿ ಬೇಡ.

ಟಕ್ ಸದ್ದಿಗೆ ಕಣ್ಣಲ್ಲೇ ನೋಡಬೇಕು. ಚಾಸಿಗೆ ಸ್ಟ್ಯಾಂಡ್ ಕೊಟ್ಟು ಚಕ್ರ ಪೂರ್ತಿ ಕೆಳಗೆ ನೇತಾಡಲಿ, ಬರೀ ಜಾಕ್ ನಂಬಿ ಕೈ ಹಾಕಬೇಡಿ. ಅಪ್ಪರ್ ಆರ್ಮ್‌ಗೂ ಸ್ಪ್ರಿಂಗ್‌ಗೂ ನಡುವೆ ಎಷ್ಟು ಜಾಗ ಇದೆ? ಅಲ್ಲಿರುವಾಗಲೇ ಸ್ಟೇರಿಂಗ್ ಆ ತುದಿಯಿಂದ ಈ ತುದಿಗೆ ತಿರುಗಿಸಿ, ಬ್ರೇಕ್ ಹೋಸ್, ಎಬಿಎಸ್ ವೈರ್ ಬಿಗಿದುಕೊಳ್ಳುತ್ತವಾ ನೋಡಿ. ಆಕ್ಸಲ್ ಬೂಟ್‌ನ (ಆಕ್ಸಲ್ ಕೀಲಿನ ಗ್ರೀಸ್ ಹಿಡಿದಿಡುವ ರಬ್ಬರ್ ಕವಚ) ಮಡಿಕೆ ಒಂದಕ್ಕೊಂದು ಉಜ್ಜುತ್ತಿವೆಯಾ, ಚಕ್ರದ ಒಳಬದಿಗೆ ಗ್ರೀಸ್ ಚಿಮ್ಮಿದೆಯಾ ಅದನ್ನೂ ನೋಡಿಬಿಡಿ. ಸ್ಟ್ರಟ್‌ನ ತಲೆಯಲ್ಲಿರುವ ನಡುವಿನ ನಟ್ ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಒಳಗೆ ಸ್ಪ್ರಿಂಗ್ ಹಿಸುಕಿಕೊಂಡಿದೆ, ಸ್ಪ್ರಿಂಗ್ ಹಿಡಿದಿಡುವ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಪ್ರಾಣಕ್ಕೇ ಬರುತ್ತದೆ.

ಕೇಳಿದವರು

ಬುಷ್ ಕೆಲಸ ಆಯಿತು. ಎರಡೂ ಕಡೆ 6 ಎಂಎಂ ಇಳಿಯಿತು, ಸವಾರಿ ನಿಜವಾಗಲೂ ಮೆತ್ತಗಾಯಿತು. ಸದ್ದು ಹಾಗೇ ಇದೆ.

ನೇತಾಡಿಸಿ ನೋಡಿದೆ. ಎಡಗಡೆ ಸ್ಪ್ರಿಂಗ್‌ನ ಮೇಲಿನ ಸುತ್ತಿನಲ್ಲಿ ಉಗುರಿನಷ್ಟು ಅಗಲ ಪೇಂಟ್ ಹೋಗಿ ಕಬ್ಬಿಣ ಹೊಳೆಯುತ್ತಿದೆ. ಅದರ ಎದುರಿಗೆ ಅಪ್ಪರ್ ಆರ್ಮ್ ಅಂಚಿನಲ್ಲೂ ಅಷ್ಟೇ ಅಗಲದ ಗೀರು. ಬಲಗಡೆ ಒಂದು ಬೆರಳು ತೂರುವುದೂ ಕಷ್ಟ. ಹೋಸ್, ವೈರ್, ಬೂಟ್ ಸರಿ ಇವೆ.

ಉತ್ತರ

ಸಿಕ್ಕಿತು ಬಿಡಿ. ಸ್ಟ್ರಟ್ ಕೆಳಗೆ ಬಂದ ಮೇಲೆ ಚಕ್ರ ಮೊದಲಿಗಿಂತ ಜಾಸ್ತಿ ಕೆಳಗೆ ಇಳಿಯುತ್ತದೆ. ಅಪ್ಪರ್ ಆರ್ಮ್ ಕೂಡ ಇಳಿದು ಸ್ಪ್ರಿಂಗ್‌ಗೆ ಬಡಿಯುತ್ತಿದೆ. ಸ್ಪ್ರಿಂಗ್ ಮೇಲಿನ ಆ ಗೀರು ಆಳವಾಗಲು ಬಿಡಬೇಡಿ, ಸ್ಪ್ರಿಂಗ್ ಮುರಿಯುವುದು ಇಂಥ ಜಾಗದಿಂದಲೇ. ಆರ್ಮ್‌ಗೆ ರಬ್ಬರ್ ಅಂಟಿಸಿ ಅನ್ನುವವರು ಸಿಗುತ್ತಾರೆ, ಕೇಳಬೇಡಿ. ಸದ್ದು ಮುಚ್ಚುತ್ತದೆ, ಬಡಿತ ನಿಲ್ಲುವುದಿಲ್ಲ.

ದಾರಿ ಎರಡು. ಸ್ಪ್ರಿಂಗ್‌ಗೆ ಜಾಗ ಬಿಟ್ಟು ಮಾಡಿದ ಬೇರೆ ಅಪ್ಪರ್ ಆರ್ಮ್ ಹಾಕಿಸಬಹುದು, ಆರ್ಮ್ ತುದಿಯ ಬಾಲ್ ಜಾಯಿಂಟ್ ಕೋನವೂ ಸರಿಹೋಗುತ್ತದೆ, ಕ್ಯಾಸ್ಟರ್ ಕೂಡ ಸಿಗುತ್ತದೆ. ಇಲ್ಲ ಅಂದರೆ 20 ಎಂಎಂ ಸ್ಪೇಸರ್. ನಿಮ್ಮ ಟೈರ್ ಹಳೇ ಸೈಜೇ ಆಗಿರುವಾಗ ನಾನಾಗಿದ್ದರೆ ಎರಡನೆಯದನ್ನೇ ಹಾಕುತ್ತಿದ್ದೆ.

ಸ್ಟ್ರಟ್ ಒಳಗೆ, ಸ್ಪ್ರಿಂಗ್ ಮೇಲೆ ಕೂರುವ ಸ್ಪೇಸರ್ ಹಾಕಿಸೋಣ ಅಂತ ಯಾರಾದರೂ ಹೇಳಿದರೆ ಒಂದು ನೆನಪಿರಲಿ. ಅದರಲ್ಲಿ ಸ್ಟ್ರಟ್‌ನ ಉದ್ದ ಬದಲಾಗುವುದಿಲ್ಲ, ಗಾಡಿ ಎದ್ದಷ್ಟೂ ಚಕ್ರ ಕೆಳಗೆ ಇಳಿಯಲು ಉಳಿದಿದ್ದ ಜಾಗ ಕಮ್ಮಿಯಾಗುತ್ತದೆ. ಆರ್ಮ್ ಸ್ಪ್ರಿಂಗ್‌ಗೆ ಬಡಿಯುವುದು ನಿಂತರೂ, ಶಾಕ್ ಪೂರ್ತಿ ಚಾಚಿ ತನ್ನ ತುದಿಗೇ ‘ಟಪ್’ ಅಂತ ಬಡಿಯಲು ಶುರು ಮಾಡಬಹುದು.

ಕೇಳಿದವರು

20 ಎಂಎಂ ಹಾಕಿಸಿದೆ, ಈ ಸಲ ಬೋಲ್ಟ್ ಬಿಗಿ ಮಾಡಿದ್ದು ನೆಲದ ಮೇಲೆ. ಸದ್ದು ಪೂರ್ತಿ ಹೋಯಿತು. ನೇತಾಡಿಸಿದಾಗ ಎರಡೂ ಕಡೆ ಬೆರಳು ಆರಾಮಾಗಿ ತೂರುತ್ತದೆ. ಎಳೆತ ಮಾತ್ರ ಇನ್ನೂ ಇದೆ.

ಉತ್ತರ

ಅದು ಹಳೇ ಚೀಟಿಯಲ್ಲೇ ಇತ್ತು. ಕ್ಯಾಸ್ಟರ್ ಯಾವ ಕಡೆ ಕಮ್ಮಿಯೋ ಗಾಡಿ ಆ ಕಡೆಗೇ ಎಳೆಯುತ್ತದೆ, ನಿಮಗೆ ಎಡ. ಎರಡೂ ಕಡೆ ಕಮ್ಮಿ ಆಗಿದ್ದಕ್ಕೇ ಸ್ಟೇರಿಂಗ್ ತಾನಾಗಿ ವಾಪಸ್ ಬರುತ್ತಿಲ್ಲ. ಟೋ ಮಾತ್ರ ಮುಟ್ಟಿ ಕಳಿಸಿದರೆ ಇದು ಹೋಗುವುದಿಲ್ಲ. ಕ್ಯಾಮ್ ಬೋಲ್ಟ್‌ನಲ್ಲಿ ಮೊದಲು ಕ್ಯಾಸ್ಟರ್, ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ), ಕೊನೆಗೆ ಟೋ, ಈ ಕ್ರಮದಲ್ಲಿ ಮಾಡಿ ಅಂತ ಕೇಳಿ. ಕ್ಯಾಮ್ ಪೂರ್ತಿ ತಿರುಗಿಸಿಯೂ ಎಡಗಡೆ ಸಾಲದಿದ್ದರೆ ಆಗ ಅಪ್ಪರ್ ಆರ್ಮ್ ಮಾತು ಮತ್ತೆ ತೆಗೆಯೋಣ.

ಹಾಗೇ ಹೆಡ್‌ಲೈಟ್ ಸ್ವಲ್ಪ ಕೆಳಗಿಳಿಸಿ, ಮೂತಿ ಎದ್ದಿರುವುದರಿಂದ ಎದುರಿನವರ ಕಣ್ಣಿಗೆ ಹೊಡೆಯುತ್ತಿರುತ್ತದೆ. ಇಎಸ್‌ಸಿ (ಗಾಡಿ ಜಾರದಂತೆ ಹಿಡಿತ ಕಾಯುವ ವ್ಯವಸ್ಥೆ) ದೀಪ ಉರಿದರೆ ಸ್ಟೇರಿಂಗ್ ಆ್ಯಂಗಲ್ ಸೆನ್ಸರ್‌ನ ಸೊನ್ನೆ ಹೊಸದಾಗಿ ಕೂರಿಸಬೇಕು, ಸ್ಕ್ಯಾನರ್ ಇದ್ದವರ ಹತ್ತಿರ ಚಿಟಿಕೆ ಹೊಡೆಯುವಷ್ಟರಲ್ಲಿ ಆಗುತ್ತದೆ.

ಕೇಳಿದವರು

ಈಗ ಎಡ 2.6, ಬಲ 2.7. ಕ್ಯಾಮ್ ಇನ್ನೂ ಸ್ವಲ್ಪ ಉಳಿದಿದೆಯಂತೆ. ಕೈ ಬಿಟ್ಟರೂ ಗಾಡಿ ನೇರ ಹೋಗುತ್ತದೆ. ದೀಪ ಯಾವುದೂ ಉರಿದಿಲ್ಲ. ಹೆಡ್‌ಲೈಟ್ ಇವತ್ತು ಕತ್ತಲಾದ ಮೇಲೆ ಗೋಡೆಗೆ ಬಿಟ್ಟು ಇಳಿಸುತ್ತೇನೆ.

ಉತ್ತರ

ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟ್‌ಗೂ ಒಂದು ಸಲ ಟಾರ್ಕ್ ರೆಂಚ್ ತೋರಿಸಿ. ಎಡಗಡೆ ಸ್ಪ್ರಿಂಗ್‌ನ ಆ ಗೀರಿಗೆ ತುಕ್ಕು ಹಿಡಿಯುವ ಮೊದಲು ಪೇಂಟ್ ಹಚ್ಚಿ. ಆ ಪೇಂಟ್ ಮತ್ತೆ ಕಿತ್ತು ಬಂದರೆ ಬಡಿತ ಇನ್ನೂ ಇದೆ ಅಂತ.