ಹಳೆಯ ದೀಪಗಳ ಬಿಡಿಭಾಗಗಳನ್ನು ಮನೆಯ ಅಲಂಕಾರಕ್ಕೆ ಬಳಸುವುದು ಹೇಗೆ?

ಪ್ರಶ್ನೆ (ಶಿವಮೊಗ್ಗದಿಂದ)

ತೀರ್ಥಹಳ್ಳಿ ಸಮೀಪದ ನಮ್ಮ ಅಜ್ಜನ ಮನೆಯನ್ನು ಬಿಚ್ಚಿಸುವಾಗ ಅಟ್ಟದಲ್ಲಿ ಹಳೆಯ ದೀಪಗಳ ಬಿಡಿಭಾಗಗಳು ಸಿಕ್ಕಿವೆ. ಹಾಲುಬಣ್ಣದ ಎರಡು ಗಾಜಿನ ಶೇಡುಗಳು, ಲಾಟೀನಿನ ಚಿಮಣಿಗಳು, ಹಿತ್ತಾಳೆಯ ಸರಪಣಿ, ತೂಗುದೀಪದಿಂದ ಕಳಚಿದ ಗಾಜಿನ ಲೋಲಕಗಳು, ಒಂದು ಪೆಟ್ರೋಮ್ಯಾಕ್ಸ್, ಹಳೆಯ ವೈರಿಂಗಿನಲ್ಲಿ ವೈರನ್ನು ಗೋಡೆಗೆ ತಾಗದಂತೆ ಹಿಡಿದಿಡುತ್ತಿದ್ದ ಪಿಂಗಾಣಿ ಕ್ಲೀಟುಗಳು ಮತ್ತು ಸ್ವಿಚ್ಚು, ಹೋಲ್ಡರುಗಳ ಕೆಳಗೆ ಕೂರಿಸುತ್ತಿದ್ದ ತೇಗದ ದುಂಡು ಬ್ಲಾಕುಗಳು ಇವೆ. ಗುಜರಿಯವರು ಹಿತ್ತಾಳೆಯನ್ನು ಮಾತ್ರ ತೂಕಕ್ಕೆ ಕೇಳುತ್ತಿದ್ದಾರೆ. ಉಳಿದದ್ದು ಅವರಿಗೆ ಬೇಡವಂತೆ. ಇವನ್ನು ಶೋಕೇಸಿನಲ್ಲಿ ಮುಚ್ಚಿಡದೆ, ಹೊಸ ಮನೆಯಲ್ಲಿ ದಿನವೂ ಕಣ್ಣಿಗೆ ಬೀಳುವಂತೆ ಬಳಸಬೇಕೆಂಬ ಆಸೆ ನನ್ನದು. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಮೈಸೂರಿನಿಂದ)

ಮೊದಲಿಗೆ ಒಂದು ವಿನಂತಿ: ಯಾವ ಭಾಗವನ್ನೂ ಕೊರೆಯಬೇಡಿ, ಕತ್ತರಿಸಬೇಡಿ. ಇಂಥ ವಸ್ತುಗಳ ಚೆಲುವು ಅವುಗಳ ಮೂಲ ಆಕಾರದಲ್ಲೇ ಇರುತ್ತದೆ, ಮತ್ತು ಹೊಂದಿಸುವುದಕ್ಕೆ ಬೇಕಾದ ತೂತು, ಕೊಕ್ಕೆ, ಅಂಚುಗಳನ್ನು ಅವನ್ನು ಮಾಡಿದವರೇ ಕೊಟ್ಟಿರುತ್ತಾರೆ.

ಲಾಟೀನಿನ ಚಿಮಣಿಯೊಳಗೆ ಹಣತೆ ಇಟ್ಟರೆ ಗಾಳಿಗೆ ಆರದ ದೀಪವಾಗುತ್ತದೆ. ಆದರೆ ಚಿಮಣಿಯನ್ನು ತಟ್ಟೆಯ ಮೇಲೆ ನೇರವಾಗಿ ಕೂರಿಸಿದರೆ ಕೆಳಗಿನಿಂದ ಗಾಳಿ ಸಿಗದೆ ಜ್ವಾಲೆ ಹೊಗೆಯಾಡಿ ಗಾಜಿಗೆ ಮಸಿ ಹಿಡಿಯುತ್ತದೆ. ನಿಮ್ಮಲ್ಲಿರುವ ಕ್ಲೀಟುಗಳಲ್ಲಿ ಒಂದೇ ಎತ್ತರದ ಮೂರನ್ನು ಆರಿಸಿ, ಹಿತ್ತಾಳೆ ತಟ್ಟೆಯ ಮೇಲೆ ಮೂರು ಕಡೆ ಇಟ್ಟು, ಅವುಗಳ ಮೇಲೆ ಚಿಮಣಿಯನ್ನು ಅಲುಗದಂತೆ ನಿಲ್ಲಿಸಿದರೆ ಆ ಸಂದಿನಿಂದ ಗಾಳಿ ಒಳಗೆ ಹೋಗುತ್ತದೆ. ಪಿಂಗಾಣಿ ಶಾಖಕ್ಕೂ ಹೆದರುವುದಿಲ್ಲ. ಕಾದ ಗಾಜಿಗೆ ನೀರಿನ ಹನಿ ತಾಗಿದರೆ ಬಿರುಕು ಬಿಡಬಹುದು, ಆದ್ದರಿಂದ ಮಳೆಯ ಎರಚಲು ಬೀಳುವ ಜಗಲಿಯಲ್ಲಿ ಇದನ್ನು ಹಚ್ಚಬೇಡಿ.

ಲೋಲಕಗಳನ್ನು ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಒಂದೊಂದಾಗಿ ತೊಳೆದು ಹತ್ತಿಬಟ್ಟೆಯಿಂದ ಒರೆಸಿ. ಪೂರ್ವದ ಕಿಟಕಿಗೆ ಬೇರೆ ಬೇರೆ ಉದ್ದದ ದಾರಗಳಲ್ಲಿ ತೂಗುಬಿಟ್ಟರೆ, ಬೆಳಗಿನ ಓರೆಬಿಸಿಲು ಪಟ್ಟಿ ಹೊಡೆದ ಗಾಜಿನೊಳಗೆ ಬಾಗಿ, ಎದುರಿನ ಗೋಡೆಯ ಮೇಲೆ ಬಣ್ಣಗಳಾಗಿ ಹರಡುತ್ತದೆ. ಗೋಡೆ ಬಿಳಿಯಾಗಿದ್ದಷ್ಟೂ ಬಣ್ಣ ಸ್ಪಷ್ಟ. ಲೋಲಕದ ತಲೆಯಲ್ಲಿರುವ ಸಣ್ಣ ಹಿತ್ತಾಳೆ ಪಿನ್ನು ತುಕ್ಕಿನಂತೆ ಹಸಿರುಗಟ್ಟಿದ್ದರೂ ಎಳೆದು ತೆಗೆಯಬೇಡಿ, ಗಾಜಿನ ತೂತಿನ ಅಂಚು ಚಕ್ಕೆ ಏಳುತ್ತದೆ.

ಉತ್ತರ (ಹುಬ್ಬಳ್ಳಿಯಿಂದ, ವೈರಿಂಗ್ ಕೆಲಸದವನು)

ಹಾಲುಗಾಜಿನ ಶೇಡುಗಳನ್ನು ಮತ್ತೆ ದೀಪಕ್ಕೇ ಬಳಸುವುದಾದರೆ ಹಳೆಯ ವೈರನ್ನು ಒಂದಿಂಚೂ ಉಳಿಸಬೇಡಿ. ಆ ಕಾಲದ ವೈರುಗಳಲ್ಲಿ ನೂಲಿನ ಹೊದಿಕೆಯೊಳಗೆ ರಬ್ಬರು ಇರುತ್ತಿತ್ತು. ಅದು ವರ್ಷಗಳು ಕಳೆದಂತೆ ಒಣಗಿ, ಬಗ್ಗಿಸಿದ ಕೂಡಲೇ ಪುಡಿಯಾಗಿ ಉದುರಿ, ತಂತಿ ಬೆತ್ತಲಾಗುತ್ತದೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಹಿತ್ತಾಳೆಯ ಹೋಲ್ಡರಿಗೆ ಮೂರೆಳೆಯ ವೈರು ಹಾಕಿ, ಲೋಹದ ಭಾಗಕ್ಕೆ ಅರ್ಥಿಂಗ್ ಕೊಡಲೇಬೇಕು. ಎಲ್‌ಇಡಿ ಬಲ್ಬನ್ನೇ ಬಳಸಿದರೆ ಹಳೆಯ ಗಾಜಿಗೆ ಶಾಖದ ಹೊರೆ ಕಡಿಮೆಯಾಗುತ್ತದೆ. ಶೇಡಿನ ತೂಕವನ್ನು ಸರಪಣಿ ಹೊರಬೇಕೇ ಹೊರತು ವೈರು ಹೊರಬಾರದು.

ಅಟ್ಟದಲ್ಲಿ ಹಳೆಯ ಟ್ಯೂಬ್‌ಲೈಟ್ ಅಥವಾ ಸಿಎಫ್‌ಎಲ್ ಇದ್ದರೆ ಅಲಂಕಾರದ ಯೋಚನೆಯನ್ನೇ ಬಿಡಿ. ಅವುಗಳಲ್ಲಿ ಪಾದರಸವಿದೆ. ಒಡೆಯದಂತೆ ಇ-ತ್ಯಾಜ್ಯಕ್ಕೆ ಒಪ್ಪಿಸಿ.

ಉತ್ತರ (ಕುಂದಾಪುರದಿಂದ)

ಪೆಟ್ರೋಮ್ಯಾಕ್ಸ್ ಸಿಕ್ಕಿದ್ದು ಕೇಳಿ ಬಹಳ ಸಂತೋಷವಾಯಿತು. ನಮ್ಮ ಕಡೆ ಯಕ್ಷಗಾನ ಬಯಲಾಟಗಳು ಬೆಳಗಾಗುವವರೆಗೆ ನಡೆಯುತ್ತಿದ್ದದ್ದು ಈ ಗ್ಯಾಸ್‌ಲೈಟಿನ ಬೆಳಕಿನಲ್ಲಿಯೇ, ಹಾಗಾಗಿ ಅದನ್ನು ಬಿಡಿಸಿ ಚೂರುಮಾಡದೆ ಇಡಿಯಾಗಿಯೇ ಉಳಿಸಿಕೊಳ್ಳಿ ಎಂಬುದು ನನ್ನ ಪ್ರಾರ್ಥನೆ. ಟ್ಯಾಂಕಿನಲ್ಲಿ ಉಳಿದ ಸೀಮೆಎಣ್ಣೆಯನ್ನು ಪೂರ್ತಿ ಬಸಿದು, ಮುಚ್ಚಳ ತೆರೆದು ನೆರಳಿನಲ್ಲಿ ಆರಲು ಬಿಡಿ. ಒಳಗೆ ಹಳೆಯ ಮ್ಯಾಂಟಲ್ (ಕಾದು ಬೆಳಗುವ ಬಲೆಯ ಚೀಲ) ಉಳಿದಿದ್ದರೆ ಕೈಯಲ್ಲಿ ಪುಡಿಮಾಡಬೇಡಿ, ಊದಬೇಡಿ. ಹಿಂದಿನ ಮ್ಯಾಂಟಲ್‌ಗಳಲ್ಲಿ ವಿಕಿರಣಶೀಲವಾದ ಥೋರಿಯಂ ಸೇರಿಸುತ್ತಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒದ್ದೆ ಕಾಗದದಲ್ಲಿ ಸುತ್ತಿ ತೆಗೆಯಿರಿ.

ಹಿತ್ತಾಳೆಗೆ ಹುಣಸೆಹಣ್ಣು ಸಾಕು. ಆದರೆ ಉಜ್ಜುವ ಮೊದಲು ಅಯಸ್ಕಾಂತ ಹಿಡಿದು ನೋಡಿ: ಅಂಟಿಕೊಂಡರೆ ಅದು ಕಬ್ಬಿಣದ ಮೇಲೆ ಹಿತ್ತಾಳೆಯ ಲೇಪನ, ಬಲವಾಗಿ ತಿಕ್ಕಿದರೆ ಲೇಪನವೇ ಹೋಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಯಸ್ಕಾಂತ ಹಿಡಿದು ನೋಡಿದೆ. ಸರಪಣಿ ಅಪ್ಪಟ ಹಿತ್ತಾಳೆ. ಒಂದು ಶೇಡು ದೀಪಕ್ಕಾಯಿತು. ಇನ್ನೊಂದರ ಅಂಚಿನಲ್ಲಿ ಸ್ವಲ್ಪ ಚಕ್ಕೆ ಎದ್ದಿರುವುದರಿಂದ ಅದರಲ್ಲಿ ಗಿಡ ಬೆಳೆಸಬಹುದೇ? ತೇಗದ ಬ್ಲಾಕುಗಳಿಗೆ ಏನು ಮಾಡಲಿ?

ಉತ್ತರ (ಮೈಸೂರಿನಿಂದ)

ಧಾರಾಳವಾಗಿ ಬೆಳೆಸಬಹುದು. ಚಕ್ಕೆ ಎದ್ದ ಅಂಚನ್ನು ನೀರು ಹಚ್ಚಿದ ಸಣ್ಣ ಉಪ್ಪುಕಾಗದದಿಂದ ಮೃದುವಾಗಿ ಉಜ್ಜಿ, ಶೇಡನ್ನು ಬೋರಲು ಮಾಡಿ ಬಟ್ಟಲಿನಂತೆ ಇಡಿ. ಒಳಗೆ ನೇರವಾಗಿ ಮಣ್ಣು ತುಂಬದೆ ಸಣ್ಣದೊಂದು ಕುಂಡವನ್ನು ಕೂರಿಸಿದರೆ ಗಾಜಿನ ಮೇಲೆ ಹೆಚ್ಚು ಭಾರ ಬೀಳುವುದಿಲ್ಲ, ಹೆಚ್ಚಿನ ನೀರು ಮೂಲ ತೂತಿನಿಂದಲೇ ಇಳಿದುಹೋಗುತ್ತದೆ. ಮನಿಪ್ಲಾಂಟ್ ಚೆನ್ನಾಗಿ ಒಗ್ಗುತ್ತದೆ. ಪಾರದರ್ಶಕವಾದ ದುಂಡು ಗ್ಲೋಬೇನಾದರೂ ಸಿಕ್ಕಿದರೆ, ಅದರಲ್ಲಿ ನೀರು ತುಂಬಿ ಬಿಸಿಲಿಗೆ ಇಡಬೇಡಿ. ಅದು ಭೂತಗನ್ನಡಿಯಂತೆ ಬಿಸಿಲನ್ನು ಒಂದೆಡೆ ಕೂಡಿಸಿ ಪರದೆಗೆ ಬೆಂಕಿ ಹಚ್ಚಬಲ್ಲದು.

ತೇಗದ ಬ್ಲಾಕುಗಳ ನಡುವೆ ವೈರಿಗಾಗಿ ತೂತು ಇದ್ದೇ ಇರುತ್ತದೆ. ಬಣ್ಣ ಬಳಿದಿದ್ದರೆ ಒಣದಾಗಿ ಉಜ್ಜಬೇಡಿ, ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ನಮ್ಮಲ್ಲಿ ಮನೆಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಹಾಕಿದ ನಿಯಮ ಬಂದದ್ದೇ 2016ರಲ್ಲಿ. ಬಣ್ಣವಿಲ್ಲದ ಬ್ಲಾಕುಗಳಿಗೆ ಅಗಸೆಎಣ್ಣೆ ಸವರಿ ಸಾಲಾಗಿ ಗೋಡೆಗೆ ಕೂರಿಸಿ. ಮಿಕ್ಕ ಕ್ಲೀಟುಗಳನ್ನು ಜೋಡಿ ಜೋಡಿಯಾಗಿ ಉದ್ದನೆಯ ಹಿತ್ತಾಳೆ ಸ್ಕ್ರೂವಿನಿಂದ ಬ್ಲಾಕುಗಳ ನಡುವಿನ ತೂತಿಗೆ ಬಿಗಿದರೆ ಬೀಗದ ಕೈ, ಛತ್ರಿ, ಚೀಲ ತೂಗುಹಾಕುವ ಗೂಟಗಳಾಗುತ್ತವೆ. ಸ್ಕ್ರೂವಿನ ತಲೆಯ ಕೆಳಗೆ ರಬ್ಬರ್ ವಾಷರ್ ಹಾಕಿ, ಕೊನೆಯ ಸುತ್ತನ್ನು ಕೈಯಿಂದಲೇ ತಿರುಗಿಸಿ. ಮೆಷಿನ್ನಿನ ಬಿಗಿತಕ್ಕೆ ಪಿಂಗಾಣಿ ಸೀಳುತ್ತದೆ.