ಮೆಡಲಿನ ವಿಷ್ಯ ಪುಟ್ಟಿ ಕೇಳಿದ್ದಕ್ಕೆ ದೊಡ್ಡತ್ತೆ ಹೇಳಿದ್ದು

ಹಲೋ... ಓಡ್ತಾ ಐತಾ ಇದು? ಹಾಂ, ಓಡ್ತಾ ಐತೆ. ಪುಟ್ಟಿ, ನಿನ್ನ ಮೆಸೇಜ್ ಬೆಳಗ್ಗೇನೇ ನೋಡ್ದೆ ಕಣಮ್ಮ, ಕೈಯೆಲ್ಲಾ ಹಿಟ್ಟಾಗಿತ್ತು, ಈಗ ಕೂತೆ. ಡಿಸೆಂಬರ್ 16ಕ್ಕೆ ವಿಜಯ ದಿವಸ ಅಂತ, 71ರಲ್ಲಿ ಪಾಕಿಸ್ತಾನದ ಮೇಲೆ ಯುದ್ಧ ಗೆದ್ದ ದಿನ ಅಲ್ವಾ, ಮಗನ ಸ್ಕೂಲಲ್ಲಿ ಪ್ರದರ್ಶನ ಮಾಡ್ತಾರೆ, ತಾತನ ಮೆಡಲುಗಳ್ನ, ಯೂನಿಫಾರ್ಮಲ್ಲಿರೋ ಫೋಟೋನ ನಾಳೇನೇ ಕಳ್ಸಿ ಅಂತ ಮಿಸ್ಸು ಹೇಳವ್ರೆ, ಕೊಟ್ರೆ ಕಳೆದುಹೋಗುತ್ತೇನೋ ಅಂತ ಭಯ, ಕೊಡದಿದ್ರೆ ಮಗು ಅಳ್ತಾನೆ, ಏನ್ ಮಾಡ್ಲಿ ಅಂತ ಕೇಳಿದ್ದೀಯ.

ಕೊಡಬ್ಯಾಡ. ಕೈಬಿಟ್ಟು ಕೊಡಬ್ಯಾಡ. ಯಾಕೆ ಅಂತ ನಿಮ್ಮಪ್ಪನ್ನೇ ಕೇಳು, ಅವ್ನಿಗೆ ಚೆನ್ನಾಗಿ ಗೊತ್ತು. ಹೇಳಕ್ಕೆ ನಾಚಿಕೆ ಅವ್ನಿಗೆ, ಅದಕ್ಕೆ ನಾನೇ ಹೇಳ್ತೀನಿ.

ಕಾರ್ಗಿಲ್ ಯುದ್ಧ ಆಯ್ತಲ್ಲ, 1999, ಆ ವರ್ಷ ಎಲ್ಲೆಲ್ಲೂ ಮಾಜಿ ಸೈನಿಕರಿಗೆ ಸನ್ಮಾನವೋ ಸನ್ಮಾನ. ಅಲ್ಲೀವರ್ಗೂ ನಮ್ಮಪ್ಪನ್ನ, ಅಂದ್ರೆ ನಿಮ್ಮ ತಾತನ್ನ, ಯಾರೂ ಕೇಳ್ದೋರಿಲ್ಲ. ಒಂದಿನ ಸಾಯಂಕಾಲ ಸ್ಕೂಟರಲ್ಲಿ ಇಬ್ರು ಬಂದ್ರು. ಸ್ಮರಣ ಸಂಚಿಕೆ ಮಾಡ್ತೀವಿ, ಮೆಡಲುಗಳ್ನ ಸ್ಟೇಜ್ ಮೇಲೆ ಗಾಜಿನ ಪೆಟ್ಟಿಗೇಲಿ ಇಡ್ತೀವಿ, ಎರಡೇ ದಿನ ಯಜಮಾನ್ರೇ ಅಂದ್ರು. ಕಾಫಿ ಕುಡುದ್ರು. ಅಮ್ಮ ಬ್ಯಾಡ ಬ್ಯಾಡ ಅಂತ ಅಡಿಗೆಮನೇಲಿಂದ ಕಣ್ಸನ್ನೆ ಮಾಡ್ತಾ ಇದ್ಲು. ಅಪ್ಪಂಗೆ ಹೊಸದಾಗಿ ಮರ್ಯಾದೆ ಸಿಕ್ಕಿತ್ತಲ್ಲ, ಟ್ರಂಕ್ ತೆಗೆದು ಮೆಡಲು, ಡಿಸ್ಚಾರ್ಜ್ ಬುಕ್ಕು, ಪೆನ್ಷನ್ ಕಾಗದ, ಎಲ್ಲಾ ಒಂದೇ ಕವರಲ್ಲಿ ಹಾಕ್ಕೊಟ್ಬಿಟ್ಟ.

ಎರಡು ದಿನ ಅಂದಿದ್ದು ಐದು ತಿಂಗಳಾಯ್ತು. ಕವರ್ ಬಂತು. ಮೂರು ಮೆಡಲೂ ಇದ್ವು, ಕಾಗದ ಒಂದೂ ಇಲ್ಲ. ಮೆಡಲ್ ಬಂತಲ್ಲ ಬಿಡು ಅಂದ ಅಪ್ಪ. ಅವ್ನಿಗೆ ಕಣ್ಣಲ್ಲಿ ಪೊರೆ. ಆಯುಧ ಪೂಜೆ ದಿನ ಅಮ್ಮ ಹುಣಸೇಹಣ್ಣಲ್ಲಿ ತಿಕ್ಕಿ ತೊಳ್ದು, ಕುಂಕುಮ ಇಟ್ಟು, ಟ್ರಂಕ್ ಮೇಲೆ ಸಾಲಾಗಿ ಜೋಡಿಸ್ತಿದ್ಲು.

2004ರಲ್ಲಿ ಅಪ್ಪ ಹೋದ. ಅಮ್ಮನ ಫ್ಯಾಮಿಲಿ ಪೆನ್ಷನ್‌ಗೆ ಅರ್ಜಿ ಹಾಕ್ಬೇಕು, ಸರ್ವಿಸ್ ನಂಬರ್ ಬೇಕು. ಬುಕ್ಕಿಲ್ಲ. ನಿಮ್ಮಪ್ಪ ಬುದ್ಧಿವಂತ, ಮೆಡಲ್ ಅಂಚಲ್ಲಿ ಕೆತ್ತಿರ್ತಾರೆ ನೋಡು, ಅಲ್ಲಿಂದ ನೋಡ್ಕೊಂಡು ಬರೆದ. ಸಂಗ್ರಾಮ್ ಮೆಡಲು ಅದು, 71ರ ಯುದ್ಧಕ್ಕೆ ಕೊಟ್ಟಿದ್ದು, ದುಂಡಗಿರೋದು. ಹೆಸರು ಸವೆದುಹೋಗಿ ‘ಮುನಿ’ ಅಂತ ಮಾತ್ರ ಕಾಣ್ತಿತ್ತು. ಅಷ್ಟೇ ಸಾಕು ಅಂದ್ಕೊಂಡ. ಕೋಲಾರ ಜಿಲ್ಲೇಲಿ ಮುನಿ ಅಂತ ಶುರುವಾಗೋ ಹೆಸ್ರಿಗೆ ಬರವೇನಮ್ಮ? ಅರ್ಜಿ ವಾಪಸ್ ಬಂತು. ಈ ನಂಬರಿನೋನು ನಿಮ್ಮೋನಲ್ಲ ಅಂತ.

ಅರ್ಥ ಆಯ್ತಾ? ಐದು ವರ್ಷ ಅಮ್ಮ ಕುಂಕುಮ ಇಟ್ಟಿದ್ದು ಬೇರೆ ಯಾರ್ದೋ ಮೆಡಲಿಗೆ! ನಮ್ಮಪ್ಪಂದು ಇನ್ಯಾರ್ದೋ ಮನೇಲಿ ಐತೆ. ಆ ಗಾಜಿನ ಪೆಟ್ಟಿಗೆ ಖಾಲಿ ಮಾಡುವಾಗ ಒಂದೇ ತರ ಇದ್ದಿದ್ದನ್ನೆಲ್ಲಾ ಬಾಚಿ, ಮನೆಗೆ ಮೂರು ಅಂತ ಕವರಿಗೆ ತುಂಬವ್ರೆ. ಆಮೇಲೆ ಅಮ್ಮನ ಹೆಸರು ರೇಷನ್ ಕಾರ್ಡಲ್ಲಿ ಒಂದು ತರ, ಮಿಲಿಟರಿ ದಾಖಲೇಲಿ ಒಂದು ತರ. ಹದಿನಾಲ್ಕು ತಿಂಗಳು ಓಡಾಡ್ದೋ. ಕೊನೇಗೆ ನಿಜವಾದ ನಂಬರ್ ಎಲ್ಲಿ ಸಿಕ್ತು? ಟ್ರಂಕ್ ಮುಚ್ಚಳದ ಮೇಲೆ. ಬಂಗಾರಪೇಟೆ ಸ್ಟೇಷನ್ನಲ್ಲಿ ಇಳ್ಕೊಂಡು ಹೆಗಲ ಮೇಲೆ ಹೊತ್ಕೊಂಡ್ ಬರ್ತಿದ್ನಲ್ಲ ಕರೀ ಟ್ರಂಕು, ಬಿಳೀ ಬಣ್ಣದಲ್ಲಿ ಬರ್ಸಿದ್ದ.

ಆ ಬೇರೆಯವ್ರ ಮೆಡಲ್ ಎತ್ತಿಡ್ಲೇನಮ್ಮ ಅಂತ ಕೇಳ್ದೆ. ‘ಇರ್ಲಿ ಬಿಡೇ, ಅವ್ನ ಹೆಂಡ್ತಿ ನಿಮ್ಮಪ್ಪನ್ದಕ್ಕೆ ಇಡ್ತಾ ಇರ್ತಾಳೆ’ ಅಂದ್ಲು ಅಮ್ಮ. ಸಾಯೋವರ್ಗೂ ಇಟ್ಲು.

ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, ಸ್ಕೂಲಾಗ್ಲಿ, ಸಂಘ ಆಗ್ಲಿ, ದೇವರೇ ಬಂದು ಕೇಳ್ಲಿ, ಅಸಲಿನ ಕೈಬಿಟ್ಟು ಕೊಡಬ್ಯಾಡಿ.

ಅಲ್ಲಾ, ಈಗ ಎಲ್ರಿಗೂ ತಾತ ಬೇಕು. ಆಗಸ್ಟ್ ಹದಿನೈದಕ್ಕೆ ಸ್ಟೇಟಸ್ಸು, ಬಾವುಟ, ಹಾಡು. ಅವ್ನು ಬದ್ಕಿದ್ದಾಗ ಬಸಂತರ್ ಹೊಳೆ ಅಂತ ಬಾಯಿ ತೆಗೆದ್ರೆ ಒಬ್ಬೊಬ್ರೇ ಎದ್ದು ಟೀವಿ ಮುಂದೆ ಹೋಗ್ತಿದ್ರಿ. ನಾನೂ ಸೇರಿ, ಇಲ್ಲ ಅನ್ನಲ್ಲ. ಊರೋರಂತೂ ಮಿಲಿಟ್ರೀಲಿ ‘ಮೈನ್ಸ್’ ಕೆಲ್ಸ ಅಂದಾಗ ಕೆಜಿಎಫ್ ತರಾನೇ ಚಿನ್ನ ತೆಗೀತಾನೆ ಅಂದ್ಕೊಂಡಿದ್ರು! ಚಿಕ್ಕಜ್ಜಿ ಒಡವೆ ತಂದ್ಯೇನೋ ಅಂತ ಕೇಳಿದ್ಲಂತೆ. ಅವ್ನು ತೆಗೀತಿದ್ದಿದ್ದು ನೆಲದಲ್ಲಿ ಹೂತಿಟ್ಟ ಬಾಂಬು. ಮದ್ರಾಸ್ ಸ್ಯಾಪರ್ಸ್ ಅಂದ್ರೆ ಅದೇ, ಹಲಸೂರಿನ ಎಂಇಜಿ, ಮದ್ರಾಸ್ ಎಂಜಿನಿಯರ್ ಗ್ರೂಪು, ತಂಬಿಗಳು ಅಂತಾರಲ್ಲ. 71ರ ಯುದ್ಧದಲ್ಲಿ ಪಾಕಿಸ್ತಾನದ ಶಕರ್‌ಗಢದ ಕಡೆ, ಆ ಬಸಂತರ್ ಹೊಳೆ ಹತ್ರ, ಡಿಸೆಂಬರ್ 15ರ ರಾತ್ರಿ, ಆ ಚಳೀಲಿ ಟ್ಯಾಂಕುಗಳಿಗೆ ದಾರಿ ಮಾಡ್ಬೇಕಿತ್ತು. ದಾರಿ ಇನ್ನೂ ಪೂರ್ತಿ ಆಗಿಲ್ಲ, ಆ ಕಡೆ ದಾಟಿದ್ದ ನಮ್ಮೋರಿಗೆ ಕಷ್ಟ ಬಂತು, ಪೂನಾ ಹಾರ್ಸ್ ಅನ್ನೋ ನಮ್ಮ ರೆಜಿಮೆಂಟಿನ ಟ್ಯಾಂಕುಗಳು ಮೈನ್ ಇದ್ದ ನೆಲದ ಮೇಲೇ ನುಗ್ಗಿದ್ವು. ಮಾರನೇ ದಿನ ಆ ಟ್ಯಾಂಕಿನೋರಲ್ಲಿ ಒಬ್ಬ, ಅರುಣ್ ಖೇತರ್ಪಾಲ್, ಪ್ರಾಣ ಬಿಟ್ಟಿದ್ದು ಅಲ್ಲೇ. ಪರಮವೀರ ಚಕ್ರ ಬಂತಲ್ಲ, 21 ವರ್ಷದ ಹುಡುಗ. ಅಪ್ಪ ಅವ್ನ ಮುಖ ನೋಡಿರ್ಲಿಲ್ಲ. ‘ಟ್ಯಾಂಕಿನ ಸದ್ದು ಕೇಳಿದ್ದೆ, ಯಾವ್ದ್ರಲ್ಲಿ ಅವ್ನಿದ್ನೋ’ ಅಂತಿದ್ದ.

16ನೇ ತಾರೀಖು ಢಾಕಾದಲ್ಲಿ ಶರಣಾಗತಿ ಆಯ್ತು, ಊರಲ್ಲಿ ಬೆಲ್ಲ ಹಂಚಿದ್ರು. ಅಪ್ಪ ಇದ್ದ ಕಡೆ ಗುಂಡು ನಿಂತಿದ್ದು 17ಕ್ಕೆ, ರಾತ್ರಿ ಎಂಟು ಗಂಟೆಗೆ. ಅದಕ್ಕೇ ಅವ್ನು 16ಕ್ಕೆ ಏನೂ ಮಾಡ್ತಿರ್ಲಿಲ್ಲ. 17ನೇ ತಾರೀಖು ತಲೆಗೆ ಎಣ್ಣೆ ಒತ್ಕೊಂಡು ನೀರು ಹಾಕ್ಕೊಳ್ತಿದ್ದ, ಯಾರ ಜೊತೇನೂ ಮಾತಿಲ್ಲ. ಯಾಕಪ್ಪಾ ಅಂತ ನಮ್ಮಲ್ಲಿ ಒಬ್ರಾದ್ರೂ ಕೇಳಿದ್ವಾ? ಈಗ ಊರ ಬಾಗ್ಲಲ್ಲಿ ಕಲ್ಲು ನಿಲ್ಸವ್ರೆ, ವೀರ ಯೋಧರಿಗೆ ನಮನ ಅಂತ. ಕಲ್ಲು ಕೊಡಿಸ್ದೋರ ಹೆಸ್ರು ಮೊಳದುದ್ದ. ಅಪ್ಪನ ಹೆಸ್ರು ಯಾಕಿಲ್ಲ ಅಂದ್ರೆ, ಅವ್ರು ವಾಪಸ್ ಬಂದ್ರಲ್ಲಮ್ಮ ಅಂತಾರೆ. ಬಂದಿದ್ದೇ ತಪ್ಪಾಯ್ತಾ? ಒಂದು ಕಿವಿ ಅಲ್ಲೇ ಬಿಟ್ಟು ಬಂದಿದ್ದ.

ಇನ್ನು ಆ ಟ್ರಂಕು! ನಡೂನವ್ನೇ, ತಮ್ಮಾ, ಗ್ರೂಪಲ್ಲಿ ನೀನೂ ಕೇಳಿಸ್ಕೊತಾ ಇದ್ದೀಯಾ? ನೀಲಿ ಗುರುತು ಬರುತ್ತೆ ನಂಗೆ ಗೊತ್ತಾಗುತ್ತೆ. ಅದ್ರಲ್ಲಿ ರಾಗಿ ತುಂಬವ್ನೆ ಇವ್ನು. ಭಾಗ ಆಗುವಾಗ ನಂಗೆ ಕೊಡು, ಹೊಲ ಬ್ಯಾಡ, ಟ್ರಂಕ್ ಸಾಕು ಅಂದೆ. ಹಳೇ ತಗಡು ಯಾಕಕ್ಕಾ ಅಂದ. ತಗಡಾದ್ರೆ ನೀನ್ಯಾಕೋ ಇಟ್ಕೊಂಡೆ?

ಅಯ್ಯೋ, ಪುಟ್ಟಿ ಕೇಳಿದ್ದು ಬೇರೆ, ನಾನೆಲ್ಲೋ ಹೋದೆ. ಇರು, ಕುಕ್ಕರ್ ಕೂಗ್ತಾ ಐತೆ... ಹಾಂ. ನೋಡಮ್ಮ, ಮಗೂನ ಅಳಿಸ್ಬ್ಯಾಡ. ಇವತ್ತೇ ಮೆಡಲುಗಳ ಫೋಟೋ ತೆಗಿ, ಮುಂದೆ, ಹಿಂದೆ, ಅಂಚು ಕಾಣೋ ಹಾಗೆ. ಬೆಳಕು ಅಡ್ಡ ಬಿದ್ರೆ ಅಂಚಿನ ಅಕ್ಷರ ಕಾಣುತ್ತೆ, ಕಿಟಕಿ ಹತ್ರ ಇಡು. ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕ್ಸು, ಹಳೇ ಫೋಟೋದ್ದೂ ಒಂದು ಪ್ರತಿ ಮಾಡ್ಸು, ಅದನ್ನ ಕಳ್ಸು ಸ್ಕೂಲಿಗೆ. ಅಸಲೇ ಬೇಕು ಅಂತ ಮಿಸ್ಸು ಹಟ ಹಿಡಿದ್ರೆ 16ನೇ ತಾರೀಖು ನೀನೇ ತಗೊಂಡ್ಹೋಗು, ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡ್ ಕೂತ್ಕೊ, ಮುಗಿದ ಮೇಲೆ ನಿನ್ ಕೈಯಾರೆ ಎತ್ಕೊಂಡ್ ಬಾ. ಎರಡನ್ನೇ ತಗೊಂಡ್ಹೋಗು, ಪಶ್ಚಿಮದ ಗಡೀಲಿ ಯುದ್ಧ ಮಾಡಿದ್ದಕ್ಕೆ ಕೊಟ್ಟ ಪಶ್ಚಿಮಿ ಸ್ಟಾರು, ಮತ್ತೆ ಸ್ವಾತಂತ್ರ್ಯದ 25ನೇ ವರ್ಷದ್ದು. ಸಂಗ್ರಾಮ್ ಮೆಡಲ್ ಮನೇಲಿರ್ಲಿ, ಅದನ್ನ ತಾತಂದು ಅಂತ ಮಗು ಕೈಲಿ ಹೇಳಿಸ್ಬ್ಯಾಡ.

ಅದ್ರ ಅಂಚಿನ ಫೋಟೋ ನಂಗೆ ಪ್ರತ್ಯೇಕ ಕಳ್ಸು. ನಿಮ್ಮಪ್ಪ ಇಪ್ಪತ್ತು ವರ್ಷದಿಂದ ಹೋಗ್ತೀನಿ ಹೋಗ್ತೀನಿ ಅಂತಾವ್ನೆ, ಇನ್ನು ನಾನೇ ಹೋಗ್ತೀನಿ ಎಂಇಜಿ ರೆಕಾರ್ಡ್ಸ್‌ಗೆ, ಬೆಂಗಳೂರಲ್ಲೇ ಐತಲ್ಲ. ಮಾಲೂರು ಭಾವನ ಕಡೆಯೋರು ಕೇಳ್ತಿದ್ರು, ಅವ್ರಪ್ಪ ಮದ್ರಾಸ್ ರೆಜಿಮೆಂಟು, ಅವ್ರು ಊಟಿ ಹತ್ರದ ವೆಲಿಂಗ್ಟನ್‌ಗೆ ಬರೀಬೇಕು, ಒಂದೊಂದು ರೆಜಿಮೆಂಟಿಗೂ ಬೇರೆ ಬೇರೆ. ಎರಡು ನಂಬರೂ ಬರೆದು ಕೊಡ್ತೀನಿ, ನಮ್ದೊಂದು, ಆ ಇನ್ನೊಬ್ಬ ಮುನಿದೊಂದು. ಅವ್ರ ಮನೆಯೋರು ಯಾರಾದ್ರೂ ಇದ್ರೆ ಅವ್ರದು ಅವ್ರಿಗೆ ಸೇರ್ಲಿ. ಕುಂಕುಮ ಒರೆಸಲ್ಲ, ಹಾಗೇ ಕೊಡ್ತೀನಿ.

ನಡೂನವ್ನೇ, ಟ್ರಂಕ್ ಮುಚ್ಚಳದ ಫೋಟೋ ಇವತ್ತು ರಾತ್ರೀನೇ ಗ್ರೂಪಿಗೆ ಹಾಕು. ಮೇಲಿರೋ ಗೋಣಿಚೀಲ ಎತ್ತಿ ತೆಗಿ, ನಂಬರ್ ಪೂರ್ತಿ ಕಾಣ್ಬೇಕು. ಇಡ್ತೀನಿ, ಕರೆಂಟ್ ಹೋಯ್ತು.